ಅರವತ್ತು ವರ್ಷದ ರೊಟ್ಟಿ

“ಎಣಿಸ್ರಿ,” ಅಂದರು ಗುರುಶಾಂತಪ್ಪ. “ನೀವು ಪೇಪರ್ನೋರು. ನಾನು ಹೇಳ್ದೆ ಅಂತ ನಂಬಬ್ಯಾಡ್ರಿ. ಎಣಿಸ್ರಿ.”

ಎಣಿಸಿದೆ. ಯಂತ್ರದ ಎರಡು ರಬ್ಬರ್ ಕೈಗಳು ಜೋಳದ ಹಿಟ್ಟಿನ ಉಂಡೆಯನ್ನು ಮರದ ಮಣೆಯ ಮೇಲೆ ತಿರುಗಿಸುತ್ತ ಸರಿಯಾಗಿ ನಲವತ್ತೆರಡು ಏಟು ಬಡಿದವು. ಆಮೇಲೆ ರೊಟ್ಟಿಯನ್ನು ಎತ್ತಿ ಹಂಚಿಗೆ ಹಾಕಿದವು, ಒದ್ದೆ ಬಟ್ಟೆಯಿಂದ ಅದರ ಮೈ ಸವರಿದವು, ತಿರುವಿದವು. ರೊಟ್ಟಿ ಉಬ್ಬಿತು. ನಾನು ದಾವಣಗೆರೆಯ ಒಂದು ದಿನಪತ್ರಿಕೆಯಲ್ಲಿ ಮೂವತ್ತೊಂದು ವರ್ಷ ಉಪಸಂಪಾದಕನಾಗಿದ್ದವನು. ಉಬ್ಬಿದ್ದನ್ನೆಲ್ಲ ಚುಚ್ಚಿ ನೋಡುವುದು ಅಭ್ಯಾಸ. ಚುಚ್ಚಿದೆ. ಒಳಗೆ ಬೆಂದಿತ್ತು.

2025ರ ಜುಲೈ 6, ಭಾನುವಾರ. ಗುರುಶಾಂತಪ್ಪನವರ ಅಡುಗೆಮನೆಯಲ್ಲಿ ನಾವು ನಾಲ್ವರಿದ್ದೆವು. ಸರ್ಕಾರಿ ಪಾಲಿಟೆಕ್ನಿಕ್‌ನಲ್ಲಿ ಮೇಷ್ಟ್ರಾಗಿದ್ದು ನಿವೃತ್ತರಾದ ಗುರುಶಾಂತಪ್ಪ, ಅವರ ಪತ್ನಿ ಶಿವಗಂಗಮ್ಮ, ಇವರ ಎಡಗಡೆ ಮನೆಯ ನಾನು, ಬಲಗಡೆ ಮನೆಯ ಕೊಟ್ರಮ್ಮ. ಕೊಟ್ರಮ್ಮನಿಗೆ ಎಪ್ಪತ್ತು ವರ್ಷ. ಬಡಾವಣೆಯ ಹಿಂದಿರುವ ಹುಡುಗಿಯರ ಹಾಸ್ಟೆಲ್‌ಗೆ ದಿನಾ ಮಧ್ಯಾಹ್ನ ರೊಟ್ಟಿ ಮಾಡಿಕೊಡುವುದು ಆಕೆಯ ಜೀವನ. ಆ ತಿಂಗಳು ಬಲ ಭುಜ ಹಿಡಿದುಕೊಂಡಿತ್ತು. ಕೈ ಕಿವಿಯವರೆಗೂ ಏಳುತ್ತಿರಲಿಲ್ಲ.

“ಇದು ಯಾರ ಕೈ ಹೇಳ್ರಿ?” ಗುರುಶಾಂತಪ್ಪ ಕೇಳಿದರು.

“ರಬ್ಬರ್ ಕೈ,” ಅಂದೆ.

“ಇವಳ ಕೈ. ಎರಡು ವರ್ಷ ಕ್ಯಾಮೆರಾ ಇಟ್ಟು ಇವಳು ರೊಟ್ಟಿ ಬಡಿಯೋದನ್ನ ಒಂದೊಂದು ಏಟೂ ಬಿಡದಂಗೆ ದಾಖಲು ಮಾಡೀನಿ. ಪ್ರೋಗ್ರಾಂ ಮಾತ್ರ ನಂದು.”

“ಎರಡು ವರ್ಷ ಅಡುಗೆಮನ್ಯಾಗೆ ತಲೆ ಕೆರ್ಕೊಳ್ಳೋಕೂ ಆಗ್ಲಿಲ್ಲ ನಂಗೆ,” ಅಂದರು ಶಿವಗಂಗಮ್ಮ. “ಅಮಾವಾಸ್ಯೆಗೆ ಹಿರಿಯರ ಹೆಸರಿಗೆ ಮೊದಲ್ನೇ ರೊಟ್ಟಿ ತೆಗೆದಿಡ್ತೀನಲ್ಲ, ಅದನ್ನೂ ಬಿಟ್ಟಿಲ್ಲ ಅಣ್ಣಾರೆ. ಅದೂ ಕಲಿತೈತಿದು.”

ಕೊಟ್ರಮ್ಮ ಯಂತ್ರವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ ವಿಷಯಕ್ಕೆ ಬಂದರು. “ಮೇಷ್ಟ್ರೆ, ನೀವು ಮೊದ್ಲು ಮಾಡಿದ ಮಿಷಿನ್ ನಮ್ಮ ಪಡಸಾಲ್ಯಾಗೆ ಕುಂತೈತಲ್ರಿ. ಜಾಗ ಇಲ್ಲ ಅಂತ ನೀವೇ ತಂದಿಟ್ಟಿದ್ದು. ಈಗ ಅದರ ಮ್ಯಾಲೆ ಈರುಳ್ಳಿ ಒಣಗಿಸ್ತೀನಿ. ಇದರ ವಿದ್ಯೆ ಅದಕ್ಕೂ ಹಾಕಿಕೊಟ್ರೆ ನನ್ನ ಭುಜ ಉಳೀತದೆ. ನಾಳೆ ಬಿಟ್ಟು ಮುಂದಿನ ಸೋಮವಾರ ಮುನ್ನೂರು ರೊಟ್ಟಿ ಮುಟ್ಟಿಸ್ಲಿಲ್ಲಾಂದ್ರೆ ಬ್ಯಾರೆಯವರಿಗೆ ಹೇಳ್ತೀನಿ ಅಂದಾರೆ ವಾರ್ಡನ್ನಮ್ಮ.”

ಗುರುಶಾಂತಪ್ಪ ಕಣ್ಣು ಮುಚ್ಚಿದರು. ಅವರು ಕಣ್ಣು ಮುಚ್ಚಿದರೆ ಮಂಡಕ್ಕಿ ಜರಡಿಯ ಕತೆ ಬರುತ್ತದೆ ಎಂದು ನಮ್ಮ ಬೀದಿಗೆಲ್ಲ ಗೊತ್ತು. ಇಪ್ಪತ್ತೆರಡು ವರ್ಷದ ಹಿಂದೆ ಅವರು ಮಂಡಕ್ಕಿ ಜರಡಿ ಹಿಡಿಯುವ ಒಂದು ಯಂತ್ರ ಮಾಡಿ ಮಂಡಕ್ಕಿ ಹುರಿಯುವ ಒಂದು ಭಟ್ಟಿಗೆ ಕೊಟ್ಟಿದ್ದರು. ಆರು ತಿಂಗಳಲ್ಲಿ ಊರಿನ ಭಟ್ಟಿಗಳಲ್ಲೆಲ್ಲ ಅದೇ ಜರಡಿ ಅಲುಗತೊಡಗಿತು. ಅವರ ಹೆಸರು ಎಲ್ಲಿಯೂ ಇರಲಿಲ್ಲ. ಒಂದು ಭಟ್ಟಿಯವನು ಆ ಜರಡಿಯನ್ನು ಇವರಿಗೇ ತೋರಿಸಿ, “ಇದು ಕೊಯಮತ್ತೂರಿನ ಮಾಲು” ಎಂದು ವಿವರಿಸಿದ್ದ.

“ಅದು ಆವಾಗ,” ಅಂದರು ಗುರುಶಾಂತಪ್ಪ ಕಣ್ಣು ತೆರೆದು. “ಈ ಸಲ ಪಹರೆ ಐತೆ.”

ಪಹರೆ ಎಂದರೆ ಯಂತ್ರದ ಬೆನ್ನಿಗೆ ಅಂಟಿಸಿದ್ದ ಟಿಫಿನ್ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ. ಅದಕ್ಕೆ ಒಂದು ಕ್ಯಾಮೆರಾ, ಒಂದು ಮೈಕು, ರೈಲ್ವೆ ನಿಲ್ದಾಣದಲ್ಲಿ ಗಾಡಿ ತಡ ಎಂದು ಹೇಳುವಂಥ ಹೆಣ್ಣುದನಿ. ಪ್ರೋಗ್ರಾಮನ್ನು ಯಾರೂ ನಕಲು ಮಾಡದಂತೆ ಕಾಯುವುದು, ಬೀದಿಯ ವೈಫೈ ಹಿಡಿದು ಎಲ್ಲಾದರೂ ನಕಲಿದೆಯೇ ಎಂದು ಹುಡುಕುವುದು, ಸಿಕ್ಕವರಿಗೆ ನೋಟಿಸು ಕೊಡುವುದು ಅದರ ಕೆಲಸ.

“ಎಷ್ಟು ಕಾಲ ಕಾಯ್ತದೆ?” ಎಂದು ಕೇಳಿದೆ.

“ಪೇಟೆಂಟ್ ಆದ್ರೆ ಎಷ್ಟು, ನೀವೇ ಹೇಳ್ರಿ.”

“ಅರ್ಜಿ ಹಾಕಿದ ದಿನದಿಂದ ಇಪ್ಪತ್ತು ವರ್ಷ. ಆದ್ರೆ ಬರೀ ಪ್ರೋಗ್ರಾಮಿಗೆ ನಮ್ಮ ದೇಶದಲ್ಲಿ ಪೇಟೆಂಟ್ ಕೊಡೋದಿಲ್ಲ. ಅದಕ್ಕೆ ಇರೋದು ಕೃತಿಸ್ವಾಮ್ಯ. ಕತೆ, ಕಾದಂಬರಿಗೆ ಇದ್ದಂಗೆ. ಬರೆದವನು ಬದುಕಿರೋವರೆಗೆ, ಅವನು ಸತ್ತ ಮುಂದಿನ ಜನವರಿಯಿಂದ ಮತ್ತೆ ಅರವತ್ತು ವರ್ಷ.”

“ಕೇಳಿದ್ಯೇನೇ?” ಗುರುಶಾಂತಪ್ಪ ಹೆಂಡತಿಯ ಕಡೆ ತಿರುಗಿದರು. “ಆಯಸ್ಸು ಪೂರ್ತಿ, ಮ್ಯಾಲೆ ಅರವತ್ತು.”

“ಮೇಷ್ಟ್ರೆ, ಒಂದು ಪ್ರೋಗ್ರಾಂ ಐದು ವರ್ಷಕ್ಕೆ ಹಳೇದಾಗ್ತದೆ,” ಅಂದೆ. “ಈ ಮೋಟಾರಿಗೆ ಹತ್ತು ವರ್ಷಕ್ಕೆ ಬಿಡಿಭಾಗ ಸಿಗೋದಿಲ್ಲ. ನಿಮಗೆ ಅರವತ್ತಾರು. ಎಂಬತ್ತೈದರವರೆಗೆ ಇರ್ತೀರಿ ಅಂತ ಇಟ್ಕೊಂಡ್ರೂ ಇದು ಎಲ್ಲರಿಗೂ ಬಿಡುಗಡೆ ಆಗೋದು 2105ರ ಜನವರಿ ಒಂದಕ್ಕೆ. ಆಗ ಕೊಟ್ರಮ್ಮಾರಿಗೆ ನೂರೈವತ್ತು.”

“ಭುಜ ಅಷ್ಟರಾಗೆ ಸರಿ ಹೋಗಿರ್ತದೆ ಬಿಡ್ರಿ,” ಅಂದರು ಕೊಟ್ರಮ್ಮ.

“ಹಂಗಲ್ಲ ಕೊಟ್ರಮ್ಮಾರೆ. ನಿಮಗೊಬ್ಬರಿಗೆ ಕೊಟ್ರೆ ನಾಳೆ ಊರಿಗೆಲ್ಲ ಹೋಗ್ತದೆ. ಜರಡಿ ಹೋಯ್ತಲ್ಲ, ಹಂಗೆ. ನನ್ನ ಹೆಸರಿಗೆ ಒಂದಾದ್ರೂ ಉಳೀಬೇಕು ನೋಡ್ರಿ.”

ನಾನು ಬೇರೆ ಪ್ರಶ್ನೆ ಕೇಳಿದೆ. “ನೀವು ಬದುಕಿದ್ದೀರೋ ಇಲ್ವೋ ಅಂತ ಈ ಪೆಟ್ಟಿಗೆಗೆ ಹೆಂಗೆ ಗೊತ್ತಾಗ್ತದೆ?”

ಗುರುಶಾಂತಪ್ಪ ಇದಕ್ಕೇ ಕಾದಿದ್ದರು. ಪಿಂಚಣಿದಾರರಾದ ಅವರು ಪ್ರತಿ ನವೆಂಬರಿನಲ್ಲಿ ಹೆಬ್ಬೆಟ್ಟು ಒತ್ತಿ ತಾವು ಜೀವಂತ ಎಂದು ಪ್ರಮಾಣಪತ್ರ ಕೊಡುತ್ತಾರೆ. ಆ ಪದ್ಧತಿಯಷ್ಟು ಭದ್ರವಾದದ್ದು ಲೋಕದಲ್ಲಿ ಇನ್ನೊಂದಿಲ್ಲ ಎಂಬುದು ಅವರ ಅನುಭವ. ಪೆಟ್ಟಿಗೆಯ ಮೇಲೆ ಒಂದು ಗಾಜಿನ ಚೌಕವಿತ್ತು. ದಿನಾ ಬೆಳಗ್ಗೆ ಏಳು ಗಂಟೆಗೆ ಅವರು ಬಲ ಹೆಬ್ಬೆಟ್ಟು ಒತ್ತಬೇಕು. ಸತತ ಮೂರು ದಿನ ಒತ್ತದಿದ್ದರೆ ಕರ್ತೃ ದಿವಂಗತ. ಪೆಟ್ಟಿಗೆ ತೆರೆಯುವುದಕ್ಕೂ ಅದೇ ಹೆಬ್ಬೆಟ್ಟು. ಪ್ಲಗ್ ಕಿತ್ತರೆ ಕಳ್ಳತನವೆಂದು ತಿಳಿದು ಪ್ರೋಗ್ರಾಮನ್ನು ಅಳಿಸಿಹಾಕುತ್ತದೆ. ಬೇರೆ ಪ್ರತಿ ಎಲ್ಲಿಯೂ ಇಲ್ಲ. ಇದ್ದರೆ ಕದಿಯುತ್ತಾರಲ್ಲ.

ಸೋಮವಾರ ಪಹರೆ ಕೆಲಸ ಶುರು ಮಾಡಿತು. ಶಿವಗಂಗಮ್ಮ ಯಂತ್ರದ ಪಕ್ಕದಲ್ಲಿ ಕೂತು, ಹಳೆ ಅಭ್ಯಾಸದಿಂದ, ಉಳಿದ ಹಿಟ್ಟಿನಲ್ಲಿ ಒಂದು ರೊಟ್ಟಿ ಬಡಿದರು.

“ಗಮನಿಸಿ,” ಅಂದಿತು ಪೆಟ್ಟಿಗೆ. “ಅಡುಗೆಮನೆಯಲ್ಲಿ ನಕಲು ನಡೆಯುತ್ತಿದೆ. ದಯವಿಟ್ಟು ಕೈಗಳನ್ನು ನಿಲ್ಲಿಸಿ.”

“ಏನ್ರೀ, ಏನೋ ಅಂತೈತಿದು.”

“ಸ್ವಲ್ಪ ಬ್ಯಾರೆ ಥರ ಬಡಿಯೇ,” ಅಂದರು ಗುರುಶಾಂತಪ್ಪ ಪತ್ರಿಕೆಯಿಂದ ತಲೆ ಎತ್ತದೆ.

“ನಲವತ್ನಾಕು ವರ್ಷದಿಂದ ಬಡಿಯೋದನ್ನ ಈಗ ಬ್ಯಾರೆ ಥರ ಬಡೀಬೇಕಾ? ನಿಮ್ಮ ಬೆನ್ನಿಗೆ ಬಡೀತೀನಿ, ಬ್ಯಾರೆ ಥರನೇ ಇರ್ತದೆ.”

ಮಂಗಳವಾರ ಅದರ ಮೈಕಿಗೆ ಗೋಡೆಯಾಚೆಯ ಸದ್ದು ಕೇಳಿಸಿತು. ಕೊಟ್ರಮ್ಮ ಹಲ್ಲು ಕಚ್ಚಿ ನೋವು ತಡೆದುಕೊಂಡು ರೊಟ್ಟಿ ಬಡಿಯುತ್ತಿದ್ದರು. ಲಯ ಅದೇ, ಏಟು ನಲವತ್ತೆರಡು. ಹತ್ತು ನಿಮಿಷದಲ್ಲಿ ಆಕೆಯ ಮೊಬೈಲಿಗೆ ನೋಟಿಸು ಬಂತು. ಆಕೆ ಅದನ್ನು ನನ್ನ ಹತ್ತಿರ ಓದಿಸಲು ತಂದರು. ಉಲ್ಲಂಘನೆ ನಿಲ್ಲಿಸಬೇಕು, ಇಲ್ಲವಾದರೆ ಈ ಪ್ರಶ್ನೆಗೆ ಉತ್ತರಿಸಬೇಕು: ‘ತಾವು ಎಲ್ಲಿಂದ ನಕಲು ಮಾಡಿದಿರಿ? ಮೂಲ ಕರ್ತೃವಿನ ಹೆಸರೇನು?’

“ನಾನ್ಯಾಕೆ ನಕಲು ಮಾಡ್ಲಿ? ಗಂಗಾನೇ ನನ್ನ ನೋಡಿ ಕಲ್ತಿದ್ದು,” ಅಂದರು ಕೊಟ್ರಮ್ಮ. “ಹಿರಿಯೂರು ಕಡೆಯಿಂದ ಮದುವೆ ಆಗಿ ಬಂದಾಗ ಮುದ್ದೆ ಬಿಟ್ರೆ ಏನೂ ಬರ್ತಿರ್ಲಿಲ್ಲ ಅವಳಿಗೆ.”

ಬಡಿಯುವ ಬಗೆಗೆ ಕೃತಿಸ್ವಾಮ್ಯ ಇಲ್ಲ, ಪ್ರೋಗ್ರಾಮಿನ ಬರವಣಿಗೆಗೆ ಮಾತ್ರ ಇದೆ ಎಂದು ಪಹರೆಗೆ ನಾನೊಂದು ಉತ್ತರ ಕಳಿಸಿದೆ. ‘ತಮ್ಮ ಪತ್ರ ತಲುಪಿದೆ’ ಎಂದು ಮಾರುತ್ತರ ಬಂತು. ಮೂವತ್ತೊಂದು ವರ್ಷ ನಾನೂ ಓದುಗರಿಗೆ ಇದನ್ನೇ ಬರೆಯುತ್ತಿದ್ದೆ. ಇನ್ನು ಏನೂ ಆಗುವುದಿಲ್ಲ ಎಂದು ಅರ್ಥವಾಯಿತು.

ಬುಧವಾರ ಪಹರೆ ಲೆಕ್ಕಾಚಾರದಲ್ಲಿ ಒಂದು ಹೆಜ್ಜೆ ಮುಂದೆ ಹೋಯಿತು. ಹಕ್ಕಿನ ಅವಧಿಯನ್ನು ಕಾಯುವುದು ತನ್ನ ಕೆಲಸ. ಅವಧಿ ಎಂದರೆ ಕರ್ತೃವಿನ ಆಯಸ್ಸು ಮತ್ತು ಅರವತ್ತು. ಅರವತ್ತನ್ನು ಹಿಗ್ಗಿಸಲು ಬರುವುದಿಲ್ಲ. ಆಯಸ್ಸನ್ನು ಹಿಗ್ಗಿಸಬಹುದು. ಅಂದು ಬೆಳಗ್ಗೆ ಗುರುಶಾಂತಪ್ಪ ಬಿಸಿ ರೊಟ್ಟಿಗೆ ಬೆಣ್ಣೆ ಹಚ್ಚಿದಾಗ ರಬ್ಬರ್ ಕೈ ನೀಳವಾಗಿ ಚಾಚಿ ತಟ್ಟೆಯನ್ನು ತೆಗೆದುಕೊಂಡಿತು.

“ಗಮನಿಸಿ. ಬೆಣ್ಣೆಯಿಂದ ಅವಧಿ ಕಡಿಮೆಯಾಗುವ ಸಂಭವವಿದೆ. ಕರ್ತೃ ನಾಲ್ಕು ಸಾವಿರ ಹೆಜ್ಜೆ ನಡೆದು ಬಂದಲ್ಲಿ ಅರ್ಧ ರೊಟ್ಟಿಯನ್ನು ಪರಿಗಣಿಸಲಾಗುವುದು.”

ಗುರುಶಾಂತಪ್ಪ ನಡೆದು ಬಂದರು. ಹಿಂತಿರುಗುವಾಗ ಮಿರ್ಚಿ ಬಜ್ಜಿ ತಿಂದು ಬಂದದ್ದನ್ನು ಪಹರೆ ವಾಸನೆಯಿಂದ ಅಲ್ಲ, ಅಂಗಿಯ ಮೇಲಿನ ಎಣ್ಣೆ ಕಲೆಯಿಂದ ಕಂಡುಹಿಡಿಯಿತು. ಅರ್ಧ ರೊಟ್ಟಿಯೂ ಹೋಯಿತು.

“ಇಪ್ಪತ್ತು ವರ್ಷ ನಾನು ಹೇಳಿ ಹೇಳಿ ಸಾಕಾಯ್ತು,” ಅಂದರು ಶಿವಗಂಗಮ್ಮ ನನ್ನ ಜೊತೆ ಕಾಂಪೌಂಡಿನ ಮೇಲಿಂದ. “ಒಂದು ಡಬ್ಬಿ ಒಂದೇ ದಿನಕ್ಕೆ ಬಗ್ಗಿಸ್ತು ನೋಡ್ರಿ ಅಣ್ಣಾರೆ. ನಾನೂ ಹಿಂಗೆ ‘ಗಮನಿಸಿ’ ಅನ್ಬೇಕಿತ್ತೇನೋ.”

ಗುರುವಾರ ಸಂಜೆ ಹಸಿವು ತಡೆಯಲಾರದೆ ಗುರುಶಾಂತಪ್ಪ ಯಂತ್ರದ ಕ್ಯಾಮೆರಾ ಆ ಕಡೆ ತಿರುಗಿದ್ದಾಗ ಹಂಚಿನ ಮೇಲಿನ ರೊಟ್ಟಿಗೆ ಕೈ ಹಾಕಿದರು. ರೊಟ್ಟಿ ಸಿಗಲಿಲ್ಲ. ಹಂಚು ಸಿಕ್ಕಿತು. ಬಲ ಹೆಬ್ಬೆಟ್ಟಿನ ಮೇಲೆ ಹುರುಳಿಕಾಳಿನಷ್ಟು ಬೊಬ್ಬೆ ಎದ್ದು, ಶುಕ್ರವಾರ ಬೆಳಗ್ಗೆ ಅದು ಅವರೆಕಾಳಿನಷ್ಟಾಯಿತು.

ಏಳು ಗಂಟೆಗೆ ಒತ್ತಿದರು. “ರೇಖೆಗಳು ಹೊಂದುತ್ತಿಲ್ಲ. ಇದು ಕರ್ತೃವಿನ ಹೆಬ್ಬೆಟ್ಟಲ್ಲ.”

ಶನಿವಾರ ಬೊಬ್ಬೆ ಒಡೆದಿತ್ತು. “ಇದು ಯಾರ ಹೆಬ್ಬೆಟ್ಟೂ ಅಲ್ಲ.”

ಜುಲೈ 13, ಭಾನುವಾರ, ಏಳು ಗಂಟೆ ಒಂದು ನಿಮಿಷಕ್ಕೆ ರಬ್ಬರ್ ಕೈಗಳು ಬಡಿಯುವುದನ್ನು ನಿಲ್ಲಿಸಿ ಜೋಡಿಸಿಕೊಂಡವು. ಗುರುಶಾಂತಪ್ಪನವರು ತೀರಿಕೊಂಡಿದ್ದಾರೆಂದು ಪಹರೆ ಘೋಷಿಸಿತು. ಮೃತರ ಆತ್ಮಕ್ಕೆ ಶಾಂತಿ ಕೋರಿತು. ಮುಂದಿನ ಜನವರಿಯಿಂದ ಅರವತ್ತು ವರ್ಷದ ಎಣಿಕೆ ಆರಂಭವಾಗುವುದೆಂದೂ, ಪ್ರೋಗ್ರಾಂ 2086ರ ಜನವರಿ ಒಂದರಂದು ಸಾರ್ವಜನಿಕರಿಗೆ ಮುಕ್ತವಾಗುವುದೆಂದೂ ತಿಳಿಸಿತು. ಈ ಲೆಕ್ಕದಲ್ಲಿ ತಪ್ಪಿರಲಿಲ್ಲ.

ನನ್ನನ್ನು ಕರೆದರು. ಹೋದಾಗ ಮೃತರು ಬನಿಯನ್ನಿನಲ್ಲಿ ಯಂತ್ರದ ಮುಂದೆ ನಿಂತು ಜಗಳವಾಡುತ್ತಿದ್ದರು.

“ನಾನಿಲ್ಲೇ ಇದೀನಲ್ಲೋ, ಕಾಣಾಕಿಲ್ವಾ ನಿಂಗೆ?”

“ಕರ್ತೃವಿನ ಪರವಾಗಿ ಮನವಿ ಸಲ್ಲಿಸಲು ಕರ್ತೃವಿನ ಹೆಬ್ಬೆಟ್ಟು ಅಗತ್ಯ. ಕರ್ತೃ ದಿವಂಗತರಾಗಿದ್ದಾರೆ. ವಾರಸುದಾರರು ಮುಂದೆ ಬರಬೇಕು.”

“ಹೋಗೇ,” ಅಂದರು ಗುರುಶಾಂತಪ್ಪ ಹೆಂಡತಿಗೆ. “ನೀನೇ ವಾರಸುದಾರಳು. ಹೆಬ್ಬೆಟ್ಟು ಒತ್ತು.”

“ನಿಮ್ಮ ಮುಂದೇನೆ?”

“ನಾನು ಸತ್ತೀನಿ, ನನ್ನ ಮುಂದೆ ಏನು ಸಂಕೋಚ?”

ಶಿವಗಂಗಮ್ಮ ಒತ್ತಿದರು. ನಲವತ್ನಾಲ್ಕು ವರ್ಷ ರೊಟ್ಟಿ ಬಡಿದ ಹೆಬ್ಬೆಟ್ಟು ನುಣ್ಣಗೆ ಸವೆದಿತ್ತು. ಗಾಜಿಗೆ ರೇಖೆಯೇ ಸಿಗಲಿಲ್ಲ.

ಅಷ್ಟರಲ್ಲಿ ಕೊಟ್ರಮ್ಮ ಬಂದು ಬಾಗಿಲಲ್ಲಿ ನಿಂತಿದ್ದರು. ಬಲಗೈಯನ್ನು ಸೀರೆಯ ಸೆರಗಿನಲ್ಲಿ ಕಟ್ಟಿಕೊಂಡಿದ್ದರು. ಶನಿವಾರ ಸಂಜೆಯಿಂದ ಕೈ ಅಲುಗುತ್ತಲೇ ಇರಲಿಲ್ಲ. “ಗಂಗಾ, ನಾಳೆ ಮುನ್ನೂರು ರೊಟ್ಟಿ,” ಅಂದರು.

ಶಿವಗಂಗಮ್ಮ ಗಂಡನನ್ನು ನೋಡಿದರು, ಕೊಟ್ರಮ್ಮನನ್ನು ನೋಡಿದರು. ಮಣೆ ಎಳೆದುಕೊಂಡು ಹಿಟ್ಟು ನಾದಿ ತಾವೇ ಬಡಿಯಲು ಕೂತರು.

“ಮುನ್ನೂರು ಬಡಿಯೋಕಾಗ್ತದಾ ನಿಂಗೆ? ಸೊಂಟ ಬಿದ್ದುಹೋಗ್ತದೆ,” ಅಂದರು ಗುರುಶಾಂತಪ್ಪ.

“ಸತ್ತೋರು ಮಾತಾಡಬಾರದು.”

“ಗಮನಿಸಿ,” ಅಂದಿತು ಪೆಟ್ಟಿಗೆ. “ನಕಲು ನಡೆಯುತ್ತಿದೆ. ತಾವು ಎಲ್ಲಿಂದ ನಕಲು ಮಾಡಿದಿರಿ? ಮೂಲ ಕರ್ತೃವಿನ ಹೆಸರೇನು?”

ಇಷ್ಟು ದಿನ ಈ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿರಲಿಲ್ಲ. ಶಿವಗಂಗಮ್ಮ ಸಿಟ್ಟಿನಲ್ಲಿದ್ದರು. “ನಿಂಗೆ ಕಲಿಸಿದ್ದೇ ಈ ಕೈ. ಈ ಕೈಗೆ ಕಲಿಸಿದ್ದು ಅಲ್ಲಿ ಬಾಗಿಲಾಗೆ ನಿಂತಾಳಲ್ಲ, ಕೊಟ್ರಕ್ಕ. ಹೋಗಿ ಅವಳನ್ನ ಕೇಳು.”

ಪೆಟ್ಟಿಗೆಯ ಒಳಗೆ ಏನೋ ಗುಂಯ್‌ಗುಟ್ಟಿತು. ಅದು ಎರಡು ವರ್ಷದ ದಾಖಲೆಯನ್ನೂ ಎದುರಿಗೆ ಬಡಿಯುತ್ತಿದ್ದ ಕೈಯನ್ನೂ ಗೋಡೆಯಾಚೆ ಕೇಳಿದ್ದ ಸದ್ದನ್ನೂ ಹೋಲಿಸುತ್ತಿತ್ತು. ಕೊನೆಗೆ ಕ್ಯಾಮೆರಾ ಬಾಗಿಲ ಕಡೆ ತಿರುಗಿತು.

“ಹೊಂದಾಣಿಕೆ ದೃಢಪಟ್ಟಿದೆ. ಕೊಟ್ರಮ್ಮನವರೇ, ತಾವು ಎಲ್ಲಿಂದ ನಕಲು ಮಾಡಿದಿರಿ?”

“ನಮ್ಮಜ್ಜಿ ಹತ್ರ,” ಅಂದರು ಕೊಟ್ರಮ್ಮ. “ಹರಪನಹಳ್ಳಿ ಗೌರಜ್ಜಿ. ನಾನು ಚಿಕ್ಕೋಳಿದ್ದಾಗ ನನ್ನ ಕೈ ಮ್ಯಾಲೆ ಕೈ ಇಟ್ಟು ಬಡಿಸೋಳು. ನಲವತ್ತೆರಡಕ್ಕೆ ನಿಲ್ಲಿಸು, ಇನ್ನೊಂದು ಬಡಿದ್ರೆ ಹರೀತದೆ ಅನ್ನೋಳು.”

“ಕರ್ತೃ ಗೌರಮ್ಮನವರ ಮರಣದ ದಿನಾಂಕ ಹಾಗೂ ದಾಖಲೆ ಸಲ್ಲಿಸಿ.”

ನನಗೆ ಅದು ಎಲ್ಲಿಗೆ ಹೋಗುತ್ತಿದೆಯೆಂದು ಆಗ ತಿಳಿಯಿತು. “ಕೊಟ್ರಮ್ಮಾರೆ, ಅಜ್ಜಿ ಯಾವಾಗ ತೀರ್ಕೊಂಡ್ರು?”

“ನಂಗೆ ಆಗ ಒಂಬತ್ತು. ಇಸವಿ ಯಾರಿಗೆ ನೆನಪೈತೆ? ಫೋಟೋದಾಗೆ ಬರ್ದಾರೆ.”

ಕೊಟ್ರಮ್ಮನ ಕೈ ಏಳುತ್ತಿರಲಿಲ್ಲವಾದ್ದರಿಂದ ನಾನೇ ಅವರ ಮನೆಗೆ ಹೋದೆ. ಪಡಸಾಲೆಯಲ್ಲಿ ಈರುಳ್ಳಿ ಹೊತ್ತು ಕೂತಿದ್ದ ಮೊದಲ ಯಂತ್ರದ ಮೇಲುಗಡೆ, ಗೋಡೆಯಲ್ಲಿ, ವಿಭೂತಿ ಹಚ್ಚಿಕೊಂಡ ಅಜ್ಜಿಯೊಬ್ಬಳ ಫೋಟೋ ಇತ್ತು. ಮೊಳೆಯಿಂದ ತೆಗೆದೆ. ಗಾಜಿನ ಧೂಳು ಒರೆಸಿ ಕೆಳಗಿನ ಸಾಲನ್ನು ಎರಡು ಸಲ ಓದಿದೆ. ‘ಲಿಂಗೈಕ್ಯ: 28-12-1964.’

ಲೆಕ್ಕ ಹಾಕುತ್ತಲೇ ಮೆಟ್ಟಿಲಿಳಿದೆ. ಎಣಿಕೆ ಶುರು 1965ರ ಜನವರಿ ಒಂದು. ಅರವತ್ತು ವರ್ಷ ತುಂಬಿದ್ದು 2024ರ ಡಿಸೆಂಬರ್ ಮೂವತ್ತೊಂದು. ಅಂದರೆ ಮುಗಿದು ಆರು ತಿಂಗಳು, ಹದಿಮೂರು ದಿನ.

“ನಾಲ್ಕು ದಿನ ಹೆಚ್ಚು ಬದುಕಿದ್ರೆ ಇನ್ನೂ ಒಂದು ವರ್ಷ ಕಾಯ್ಬೇಕಿತ್ತು,” ಅಂದೆ ಫೋಟೋ ಕೊಡುತ್ತ.

“ನಮ್ಮಜ್ಜಿ ಕೆಲಸ ಯಾವತ್ತೂ ಮುಂದಿನ ವರ್ಷಕ್ಕೆ ಬಾಕಿ ಇಟ್ಟೋಳಲ್ಲ,” ಅಂದರು ಕೊಟ್ರಮ್ಮ.

ಗುರುಶಾಂತಪ್ಪ ಫೋಟೋ ನೋಡಿದರು. ಕ್ಯಾಮೆರಾಕ್ಕೆ ಅಡ್ಡ ನಿಂತು ತಡೆಯಬಹುದಿತ್ತು. ಒಂದು ಕ್ಷಣ ಹಾಗೇ ನಿಂತಿದ್ದರು ಕೂಡ. “ಪ್ರೋಗ್ರಾಂ ಬರೆದೋನು ನಾನು, ಪೇಪರ್ನೋರೇ,” ಅಂದರು.

“ಹೌದು. ಕಾನೂನಿನ ಪ್ರಕಾರ ಅದು ನಿಮ್ಮದೇ. ಪೆಟ್ಟಿಗೆ ತಪ್ಪು ಮಾಡ್ತಿದೆ. ಬೇಕಂದ್ರೆ ಫೋಟೋ ವಾಪಸ್ ಗೋಡೆಗೆ ಹಾಕಿ ಬರ್ತೀನಿ. 2086ರ ತನಕ ಭದ್ರವಾಗಿರ್ತದೆ.”

ಅವರು ಹೆಂಡತಿಯ ಕಡೆ ನೋಡಿದರು. ಶಿವಗಂಗಮ್ಮ ಒಂಬತ್ತನೇ ರೊಟ್ಟಿ ಬಡಿಯುತ್ತಿದ್ದರು. ಬಾಕಿ ಇನ್ನೂರ ತೊಂಬತ್ತೊಂದು. ಗುರುಶಾಂತಪ್ಪ ಪಕ್ಕಕ್ಕೆ ಸರಿದರು. ನನ್ನ ಕೈಯಿಂದ ಫೋಟೋ ತೆಗೆದುಕೊಂಡು ತಾವೇ ಕ್ಯಾಮೆರಾದ ಮುಂದೆ ನೇರವಾಗಿ ಹಿಡಿದರು.

“ಗಮನಿಸಿ,” ಅಂದಿತು ಪಹರೆ, ಬಹಳ ಹೊತ್ತಿನ ಮೇಲೆ. “ಅವಧಿ ಮುಗಿದಿದೆ. ಈ ಕೃತಿ ಇನ್ನು ಸಾರ್ವಜನಿಕ ಆಸ್ತಿ. ಎಲ್ಲರಿಗೂ ತಲುಪಿಸಲಾಗುತ್ತಿದೆ.”

ಎಲ್ಲರಿಗೂ ಅಂದರೆ ಯಾರಿಗೆ ಎಂದು ಕೇಳಲು ಸಮಯವಿರಲಿಲ್ಲ. ಬೀದಿಯ ವೈಫೈಯಲ್ಲಿ ನಕಲು ಹುಡುಕುತ್ತ ಅದು ಒಂದು ವಾರದಿಂದ ಯಾವ್ಯಾವ ಮನೆಯಲ್ಲಿ ಮೋಟಾರ್ ಇರುವ ಏನೇನಿದೆಯೆಂದು ಪಟ್ಟಿ ಮಾಡಿಕೊಂಡಿತ್ತು. ಆ ಪಟ್ಟಿಯ ಎಲ್ಲರಿಗೂ ಅದು ಗೌರಜ್ಜಿಯ ಕೈಯನ್ನು ಕಳಿಸಿಕೊಟ್ಟಿತು.

ಮೊದಲು ನಮ್ಮ ಮನೆಯ ವಾಷಿಂಗ್ ಮೆಷಿನ್ ಸದ್ದು ಮಾಡಿತು. ನನ್ನ ಎರಡು ಪಂಚೆಗಳನ್ನು ಅದು ನಲವತ್ತೆರಡು ಸಲ ಬಡಿದು, ಉಂಡೆ ಮಾಡಿ, ಮತ್ತೆ ಬಡಿಯಿತು. ಪಕ್ಕದ ಬೀದಿಯ ಜಿಮ್ಮಿನಲ್ಲಿ ಓಡುವ ಪಟ್ಟಿಗಳು ಏಕಕಾಲಕ್ಕೆ ತಟಪಟ ಎಂದವು. ಎದುರು ಮನೆಯ ನಿವೃತ್ತ ಬ್ಯಾಂಕ್ ಮ್ಯಾನೇಜರ್ ಆ ಹೊತ್ತಿಗೆ ಮಸಾಜ್ ಕುರ್ಚಿಯಲ್ಲಿ ಕೂತಿದ್ದರು. ಕುರ್ಚಿ ಅವರ ಬೆನ್ನಿಗೆ ಎಣಿಸಿದಂತೆ ನಲವತ್ತೆರಡು ಕೊಟ್ಟು ನಿಂತಿತು. ಅವರು ಏಳಲು ನೋಡಿದರೆ ಬಿಡಲಿಲ್ಲ. ಇನ್ನೊಂದು ಮಗ್ಗುಲಿಗೆ ತಿರುಗುವವರೆಗೆ ಕಾಯಿತು.

ಕೊಟ್ರಮ್ಮನ ಪಡಸಾಲೆಯಿಂದ ಈರುಳ್ಳಿ ಉರುಳುವ ಸದ್ದು ಬಂತು. ನಾವೆಲ್ಲ ಓಡಿದೆವು. ಎರಡು ವರ್ಷ ಸುಮ್ಮನೆ ಕೂತಿದ್ದ ಮೊದಲ ಯಂತ್ರ ಈರುಳ್ಳಿಯನ್ನೆಲ್ಲ ನೆಲಕ್ಕೆ ಕೊಡವಿ, ಹಿಟ್ಟಿಲ್ಲದ ಮಣೆಯ ಮೇಲೆ ಬಡಿಯುತ್ತಿತ್ತು. ಕೊಟ್ರಮ್ಮ ಎಡಗೈಯಲ್ಲಿ ಒಂದು ಉಂಡೆ ಹಿಟ್ಟು ತಂದು ಅದರ ಮುಂದಿಟ್ಟರು. ನಾವು ಯಾರೂ ಹೇಳದೆಯೇ ಎಣಿಸಿದೆವು.

ನಲವತ್ತೆರಡಕ್ಕೆ ನಿಂತಿತು.

“ನಮ್ಮಜ್ಜೀದೇ ಕೈ,” ಅಂದರು ಕೊಟ್ರಮ್ಮ. ಯಂತ್ರ ಹಂಚಿಗೆ ಹಾಕಿದ ರೊಟ್ಟಿಯ ಅಂಚನ್ನು ಎಡಗೈಯಿಂದ ಎತ್ತಿ ನೋಡಿದರು. ಆಮೇಲೆ, “ಆದ್ರೆ ಹಂಚು ಇನ್ನೂ ಕಾಯ್ಬೇಕಿತ್ತು ನೋಡ್ರಿ ಮೇಷ್ಟ್ರೆ,” ಅಂದರು.

ಗುರುಶಾಂತಪ್ಪ ಸ್ಕ್ರೂಡ್ರೈವರ್ ತರಲು ಮನೆಗೆ ಹೋದರು.

ಸೋಮವಾರ ಹನ್ನೆರಡೂಕಾಲಿಗೆ ಮುನ್ನೂರು ರೊಟ್ಟಿ ಹಾಸ್ಟೆಲಿಗೆ ಹೋದವು. ಮುನ್ನೂರ ಒಂದು ಎಂದು ಹೇಳಿದರೆ ಸರಿ. ಒಂದನ್ನು ವಾರ್ಡನ್ನಮ್ಮ ರುಚಿ ನೋಡಿದರು.

ಒಂದು ಪ್ರೋಗ್ರಾಮಿಗೆ ಎಷ್ಟು ವರ್ಷದ ರಕ್ಷಣೆ ಇರಬೇಕು ಎಂದು ಆಮೇಲೆ ಒಂದು ಸಂಜೆ ಗುರುಶಾಂತಪ್ಪನವರನ್ನು ಕೇಳಿದೆ. “ಏಳೆಂಟು ವರ್ಷ ಸಾಕ್ರಿ,” ಅಂದರು. ಸ್ವಲ್ಪ ಯೋಚಿಸಿ, “ಆದ್ರೆ ಹೆಸರು ಮಾತ್ರ ಕಾಯಂ ಇರ್ಬೇಕು,” ಅಂದರು. ಕೊಟ್ರಮ್ಮನ ಯಂತ್ರದ ಮುಂಭಾಗದಲ್ಲಿ ಈಗ ಒಂದು ಹಿತ್ತಾಳೆ ಫಲಕವಿದೆ. ಅದರ ಮೇಲೆ ಎರಡು ಹೆಸರು, ಗೌರಜ್ಜಿಯದು ಮೇಲೆ, ಇವರದು ಕೆಳಗೆ. ಕೆತ್ತಿಸಿದ್ದು ಗುರುಶಾಂತಪ್ಪನವರೇ. ಮೇಲು ಕೆಳಗು ತೀರ್ಮಾನಿಸಿದ್ದು ಶಿವಗಂಗಮ್ಮ.

ಹೆಬ್ಬೆಟ್ಟಿನ ಗಾಯ ಮಾಗಿದೆ. ಆದರೆ ಪಹರೆಗೆ ಒಮ್ಮೆ ಸತ್ತವರನ್ನು ವಾಪಸ್ ಬದುಕಿಸುವ ವಿಧಾನ ಗೊತ್ತಿಲ್ಲ. ಅದನ್ನು ಕಲಿಸಲು ಗುರುಶಾಂತಪ್ಪ ಮರೆತಿದ್ದರು. ಅದರ ದಾಖಲೆಯಲ್ಲಿ ಅವರು ಇಂದಿಗೂ ದಿವಂಗತರು. ಪ್ರತಿದಿನ ಬೆಳಗ್ಗೆ ರಬ್ಬರ್ ಕೈಗಳು ಮೊದಲ ರೊಟ್ಟಿಯನ್ನು, ಮೇಲೆ ಬೆಣ್ಣೆ ಹಚ್ಚಿ, ಅವರ ಹೆಸರಿಗೆ ಎಡೆಯಾಗಿ ಪಕ್ಕಕ್ಕೆ ಇಡುತ್ತವೆ. ಸತ್ತವರಿಗೆ ಬೆಣ್ಣೆಯಿಂದ ಅಪಾಯವಿಲ್ಲ ಎಂದು ಅದಕ್ಕೆ ಗೊತ್ತಿದೆ.

ಅದನ್ನು ಆರುವ ಮುಂಚೆ ಅವರೇ ತಿನ್ನುತ್ತಾರೆ.